ಕೊನೆಯ ಪಂಕ್ತಿಯ ಊಟ

ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಇಳಿದರೆ ನಮ್ಮ ಕಡೆ ಮೊದಲು ಕಿವಿಗೆ ಬೀಳುವ ಸುದ್ದಿ ಅಡಿಕೆ ರೇಟು. ರಾಶಿ ಅಡಿಕೆ ಎಷ್ಟಾಯ್ತು, ಬೆಟ್ಟೆ ಅಡಿಕೆ ಎಲ್ಲಿಗೆ ನಿಂತಿತು, ಈಗಲೇ ಮಂಡಿಗೆ ಹಾಕೋದಾ ಇಲ್ಲಾ ಇನ್ನೊಂದು ತಿಂಗಳು ಕಾಯೋದಾ. ಒಳಗೆ ಗುರುಗಳು ಈಗಷ್ಟೇ 'ಇದ್ದುದರಲ್ಲಿ ತೃಪ್ತರಾಗಿರಿ' ಎಂದು ಪ್ರಸಂಗ ಮಾಡಿ ಮುಗಿಸಿರುತ್ತಾರೆ. ನಾವೆಲ್ಲ ತಲೆಯಾಡಿಸಿರುತ್ತೇವೆ. ಹೊರಗೆ ಬಂದು ಕೊಡೆ ಬಿಡಿಸುವಷ್ಟರಲ್ಲಿ ಕ್ವಿಂಟಾಲಿನ ಲೆಕ್ಕ ಶುರು.

ಗೇಲಿ ಮಾಡಲು ಇದನ್ನು ಹೇಳುತ್ತಿಲ್ಲ. ತೋಟ ನಂಬಿದವರಿಗೆ ರೇಟು ಅಂದರೆ ಮಕ್ಕಳ ಫೀಸು, ಸೊಸೈಟಿ ಸಾಲ, ಮುಂದಿನ ವರ್ಷದ ಗೊಬ್ಬರ. ಕೊಳೆ ರೋಗ ಬಂದ ವರ್ಷ ಬುಡದಲ್ಲಿ ಉದುರಿದ ಹಸಿರು ಕಾಯಿ ನೋಡಿದವರು ರೇಟಿನ ಮಾತನ್ನು ಹಗುರ ಮಾಡುವುದಿಲ್ಲ. ಈಗಂತೂ ಎಲೆಚುಕ್ಕೆ ರೋಗ ಬೇರೆ ಸೇರಿಕೊಂಡಿದೆ. ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ ವರ್ಷಗಳಲ್ಲೂ ನಮ್ಮ ಅಂಗಳದ ಮಾತು ಬದಲಾಗಲಿಲ್ಲ. ಮನೆಗಳು ಬದಲಾದವು. ಹಂಚು ಹೋಗಿ ಆರ್‌ಸಿಸಿ ಬಂತು. ಜಗಲಿ ಹೋಗಿ ಪೋರ್ಟಿಕೋ ಬಂತು. 'ಇನ್ನೂ ಸ್ವಲ್ಪ ಏರಬೇಕಿತ್ತು' ಅನ್ನುವ ಮಾತು ಮಾತ್ರ ಹಾಗೇ ಉಳಿಯಿತು.

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಮನೆಯೊಳಗೆ ಕೊಂಕಣಿ, ಮೆಟ್ಟಿಲು ಇಳಿದರೆ ಕನ್ನಡ. ಹೀಗೆ ಬಂದವರಲ್ಲಿ ಕೆಲವರು ಕಾಫಿ ತೋಟಕ್ಕೆ ಹೋದರು, ಕೆಲವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾಡಂಚಿನಲ್ಲಿ ತೋಟ ಮಾಡಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಲು ತಮಿಳು ಮಾತಾಡುವ ಕ್ರೈಸ್ತ ಕುಟುಂಬಗಳೂ ಬಂದವು. ಇವರೆಲ್ಲ ಸೇರಿದ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಚಿಕ್ಕಮಗಳೂರಿನಿಂದ ಬೇರೆಯಾಗಿದ್ದು 1988ರಲ್ಲಿ.

ಹಳೆಯ ಕಾಲದ ಸರಳತೆ ಎಂದು ನಾವು ಹೊಗಳುವುದು ಎಷ್ಟೋ ಸಲ ಬರೀ ಬಡತನ. ಅಜ್ಜಿ ಎರಡೇ ಸೀರೆಯಲ್ಲಿ ವರ್ಷ ಕಳೆದದ್ದು ಸರಳ ಜೀವನದ ವ್ರತ ಹಿಡಿದಲ್ಲ. ಮೂರನೆಯದು ಇರಲಿಲ್ಲ, ಅಷ್ಟೇ. ಹಾಗಾಗಿ 'ಆಗಿನವರು ಎಷ್ಟು ತೃಪ್ತರಾಗಿದ್ದರು' ಎಂದು ಯಾರಾದರೂ ಶುರು ಮಾಡಿದರೆ ನನಗೆ ಸ್ವಲ್ಪ ಅನುಮಾನ. ಅಜ್ಜಿಯನ್ನೇ ಕೇಳಿದ್ದರೆ ಅವರು ಮೂರನೆಯ ಸೀರೆಯ ಬಣ್ಣ ಹೇಳುತ್ತಿದ್ದರು.

ದೊಡ್ಡ ಚರ್ಚಿನ ಬಗ್ಗೆಯೂ ಒಂದು ಮಾತು. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯವನ್ನು ಪರವೂರಿನವರಿಗೆ ತೋರಿಸುವಾಗ 'ದೇಶದ ದೊಡ್ಡ ಚರ್ಚುಗಳಲ್ಲಿ ಒಂದು' ಎಂದು ನಾವೂ ಎದೆ ಉಬ್ಬಿಸುತ್ತೇವೆ. ಸಾವಿರಾರು ಜನ ಒಟ್ಟಿಗೆ ಕೂರಬಹುದಾದ ಜಾಗ. ಬಡ ಬಡಗಿಯ ಮಗನಿಗೆ ಇಷ್ಟು ದೊಡ್ಡ ಮನೆ ಯಾಕೆ ಅಂತ ನನ್ನ ಒಬ್ಬ ಸಹೋದ್ಯೋಗಿ ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ನನಗೆ ಹೊಳೆದ ಉತ್ತರ ಇಷ್ಟು. ನಮ್ಮ ನಮ್ಮ ಪೋರ್ಟಿಕೋದೊಳಗೆ ಕೂಲಿ ಹೆಂಗಸು ಬಂದು ಕೂರುವುದಿಲ್ಲ. ಇಲ್ಲಿ ನಮ್ಮ ಪಕ್ಕದ ಬೆಂಚಿನಲ್ಲೇ ಕೂರುತ್ತಾಳೆ.

ಕೂಲಿ ಹೆಂಗಸಿನ ಮಾತು ಬಂತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ತೃಪ್ತಿಯ ಉಪದೇಶ ನಮ್ಮಲ್ಲಿ ಯಾವಾಗಲೂ ಇಳಿಜಾರಿನಲ್ಲಿ ಹರಿಯುತ್ತದೆ. ಇದ್ದವರು ಇಲ್ಲದವರಿಗೆ ಹೇಳುತ್ತಾರೆ. ಅಡಿಕೆ ಸುಲಿಯುವವರು ಕೆ.ಜಿ.ಗೆ ಎರಡು ರೂಪಾಯಿ ಜಾಸ್ತಿ ಕೇಳಿದರೆ 'ಇವರಿಗೆ ಎಷ್ಟು ಕೊಟ್ಟರೂ ಸಾಕಾಗೋದಿಲ್ಲ' ಅನ್ನುತ್ತೇವೆ. ಅದೇ ಅಡಿಕೆಗೆ ನಾವು ಮಂಡಿಯಲ್ಲಿ ಎರಡು ಸಾವಿರ ಜಾಸ್ತಿಗೆ ಕಾದರೆ ಅದಕ್ಕೆ ಜಾಣತನ ಅಂತ ಹೆಸರು.

ಬೈಬಲ್ಲಿನಲ್ಲಿ 'ಇದ್ದುದರಲ್ಲಿ ತೃಪ್ತರಾಗಿ' ಎಂಬ ಮಾತು ಎಲ್ಲೆಲ್ಲಿ ಬರುತ್ತದೆ ಎಂದು ಒಮ್ಮೆ ಕೂತು ಹುಡುಕಿದೆ. ಲೂಕನ ಶುಭಸಂದೇಶದ 3ನೇ ಅಧ್ಯಾಯದಲ್ಲಿ ಯೇಸುವಿಗೆ ದಾರಿ ಸಿದ್ಧಮಾಡಲು ಬಂದ ಪ್ರವಾದಿ ಸ್ನಾನಿಕ ಯೊವಾನ್ನ ಇದನ್ನು ಹೇಳುತ್ತಾನೆ. ಯಾರಿಗೆ? ಸೈನಿಕರಿಗೆ. ಹೆದರಿಸಿ ಬೆದರಿಸಿ ಜನರ ದುಡ್ಡು ಕೀಳಬೇಡಿ, ನಿಮ್ಮ ಸಂಬಳ ನಿಮಗೆ ಸಾಕು ಅಂತ. ಕೈಯಲ್ಲಿ ಕತ್ತಿ ಇದ್ದವರಿಗೆ ಹೇಳಿದ ಮಾತು ಅದು. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಊಟ ಬಟ್ಟೆ ಇದ್ದರೆ ಸಾಕು ಎಂಬ ಮಾತು ಬರುತ್ತದೆ. ಮುಂದಿನ ಸಾಲಿನಲ್ಲೇ ಶ್ರೀಮಂತರಾಗಲು ಹಾತೊರೆಯುವವರಿಗೆ ಎಚ್ಚರಿಕೆ ಇದೆ. ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಹಣದ ಮೋಹ ಬಿಡಿ ಅನ್ನುವುದರ ಜೊತೆಗೇ ಇದು ಬರುತ್ತದೆ. ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಹೊಲ ಕೊಯ್ದ ಆಳುಗಳಿಗೆ 'ಕೊಟ್ಟಷ್ಟರಲ್ಲಿ ತೃಪ್ತಿಪಡಿ' ಎಂದು ಹೇಳಿದ ಜಾಗ ನನಗೆ ಸಿಗಲಿಲ್ಲ. ಸಿಕ್ಕಿದ್ದು ಯಕೋಬನ ಪತ್ರದ 5ನೇ ಅಧ್ಯಾಯ. ಕೊಯ್ಲಿನವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗಿಕೊಳ್ಳುತ್ತಿದೆ, ಅವರ ಗೋಳು ದೇವರ ಕಿವಿ ಮುಟ್ಟಿದೆ ಎಂದು ಅಲ್ಲಿ ಬರೆದಿದೆ. ನನ್ನ ತಟ್ಟೆ ನೋಡಿಕೊಂಡು ನಾನು ಸಾಕು ಅನ್ನಬಹುದು. ಪಕ್ಕದವಳ ತಟ್ಟೆ ನೋಡಿ ಅವಳ ಪರವಾಗಿ ಸಾಕು ಅನ್ನಲು ನನಗೇನು ಹಕ್ಕಿದೆ?

ಹಾಗಾದರೆ ತೃಪ್ತಿ ಎಲ್ಲಿ ಸಿಗುತ್ತದೆ? ನಾನು ನಿಜವಾಗಿ ಅದನ್ನು ಕಂಡ ಜಾಗ ಹೇಳಿದರೆ ನಗಬೇಡಿ. ಊರಹಬ್ಬದ ಕೊನೆಯ ಪಂಕ್ತಿಯಲ್ಲಿ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಊಟಕ್ಕೆ ಇಡೀ ಊರು ಬರುತ್ತದೆ. ಗೌಡರು, ಭಟ್ಟರು, ಸಾಬರು ಎಲ್ಲರೂ. ಸಸ್ಯಾಹಾರದವರಿಗೆ ಒಂದು ಪಕ್ಕ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆಯವರು. ಮೊದಲ ಪಂಕ್ತಿಯಲ್ಲಿ ದೂರದಿಂದ ಬಂದ ಗುರುಗಳು, ಸಿಸ್ಟರ್‌ಗಳು, ಪಂಚಾಯಿತಿ ಮೆಂಬರು, ದೇಣಿಗೆ ಕೊಟ್ಟವರು. ಎಲೆ ನೇರವಾಗಿ ಹಾಕಿರುತ್ತದೆ. ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರದರ ಜಾಗದಲ್ಲಿ. ಕೋಳಿ ಸಾರಿನಲ್ಲಿ ಕೋಳಿ ಇರುತ್ತದೆ. ಆದರೆ ಆ ಪಂಕ್ತಿಯಲ್ಲಿ ಕೂತವರ ಮುಖ ನೋಡಬೇಕು. ಯಾರ ಪಕ್ಕ ಯಾರನ್ನು ಕೂರಿಸಿದರು, ತನ್ನನ್ನು ಕರೆದದ್ದು ಯಾರು, ಸರಿಯಾಗಿ ಕರೆದರಾ, ಎರಡನೇ ಸಲ ಸಾರು ಬಂತಾ. ಅರ್ಧ ಊಟ ಈ ಲೆಕ್ಕದಲ್ಲೇ ಮುಗಿಯುತ್ತದೆ. ಯೇಸುಸ್ವಾಮಿ ಇದನ್ನು ನೋಡಿಯೇ ಲೂಕನ 14ನೇ ಅಧ್ಯಾಯದ ಸಾಮತಿ ಹೇಳಿರಬೇಕು. ಊಟಕ್ಕೆ ಕರೆದರೆ ಮೊದಲ ಜಾಗಕ್ಕೆ ನುಗ್ಗಬೇಡ, ಕೊನೆಯಲ್ಲಿ ಹೋಗಿ ಕೂರು ಅಂತ.

ಎರಡನೆಯದು, ಮೂರನೆಯದು ಹೇಗೋ ಸಾಗುತ್ತವೆ. ಮಳೆ ಬಂದರೆ ಶಾಮಿಯಾನದ ಹೊಟ್ಟೆ ತುಂಬಿ ಯಾರೋ ಒಬ್ಬ ಕೋಲಿನಿಂದ ನೂಕಿ, ಇನ್ಯಾರದೋ ತಲೆ ಮೇಲೆ ಬಕೆಟ್‌ಗಟ್ಟಲೆ ನೀರು. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಅಂಗಳ ಖಾಲಿ. ಆಗ ಕೂರುತ್ತಾರೆ ಬಡಿಸಿದವರು.

ಬೆಳಗಿನಿಂದ ಅನ್ನದ ಬಕೆಟ್ ಹೊತ್ತು ಭುಜ ಸೆಳೆಯುತ್ತಿರುತ್ತದೆ. ಸೀರೆ ಅಂಚಿನಲ್ಲಿ ಸಾರಿನ ಕಲೆ. ಎಲೆ ಹಾಸುವವರಿಲ್ಲ, ಬಟ್ಟಲು ತಟ್ಟೆ ಸಿಕ್ಕಿದ್ದು ಹಿಡಿದುಕೊಂಡು ಪಾಕಶಾಲೆಯ ಮೆಟ್ಟಿಲ ಮೇಲೆ, ಉರುಳಿಸಿದ ಕೊಪ್ಪರಿಗೆಯ ಪಕ್ಕ, ಎಲ್ಲಿ ಜಾಗ ಇದೆಯೋ ಅಲ್ಲಿ. ಅಡುಗೆಯವರು ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಂಡು ಬಂದು ನಡುವೆ ಕೂರುತ್ತಾರೆ. ಅನ್ನ ಆರಿರುತ್ತದೆ. ಕೋಳಿ ಸಾರಿನಲ್ಲಿ ಆಲೂಗಡ್ಡೆ ಮಾತ್ರ ಉಳಿದಿರುತ್ತದೆ. ಹಪ್ಪಳದ ಚೂರು. ಪಾಯಸದ ಪಾತ್ರೆಯನ್ನು ಬಗ್ಗಿಸಿ ಕೆರೆದರೆ ಎಲ್ಲರಿಗೂ ಒಂದೊಂದು ಸೌಟು ಬಂದರೆ ಪುಣ್ಯ. ಒಬ್ಬರು ಎದ್ದು ಇನ್ನೊಬ್ಬರಿಗೆ ಬಡಿಸುತ್ತಾರೆ. ಯಾರಿಗೋ ಎಲ್ಲಿಂದಲೋ ಒಂದು ಕೋಳಿ ತುಂಡು ಸಿಕ್ಕರೆ ಅದು ನಾಲ್ಕು ತಟ್ಟೆ ಸುತ್ತಿ ಬರುತ್ತದೆ. ಜೋರು ನಗು. ಮೊದಲ ಪಂಕ್ತಿಯಲ್ಲಿ ಮುಖ ಗಂಟಿಕ್ಕಿದ್ದವರ ಅಣಕ. ಆ ಹೊತ್ತಿನಲ್ಲಿ ತನಗೇನು ಬಂತು ಅಂತ ಯಾರೂ ಕೇಳುವುದಿಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಗೆಳೆಯರೂ ಇದನ್ನೇ ಹೇಳುತ್ತಾರೆ. ದೇವಸ್ಥಾನದ ಅನ್ನಸಂತರ್ಪಣೆಯಲ್ಲೂ ಬಡಿಸಿದವರ ಪಂಕ್ತಿಯೇ ಗಮ್ಮತ್ತು.

ಇದರಲ್ಲಿ ನನಗೆ ಕಾಣುವುದು ಒಂದೇ. ಆ ಮೆಟ್ಟಿಲ ಮೇಲೆ ಕೂತವರು ಯಾರೂ ತೃಪ್ತಿ ಹುಡುಕಿಕೊಂಡು ಬಂದವರಲ್ಲ. ಬಂದದ್ದು ಬಡಿಸಲು. ಆಸೆ ಕಡಿಮೆ ಮಾಡಿಕೊಳ್ಳಬೇಕು, ವಸ್ತು ಕಡಿಮೆ ಮಾಡಿಕೊಳ್ಳಬೇಕು ಎಂದು ಪಟ್ಟಿ ಹಿಡಿದು ಕೂತರೆ ಮತ್ತೆ ನಮ್ಮದೇ ಧ್ಯಾನ ಅಲ್ವಾ? ನಾನೆಷ್ಟು ಸರಳ, ನಾನೆಷ್ಟು ಬಿಟ್ಟೆ. ಬಡಿಸುವ ಕೈಗೆ ಆ ಲೆಕ್ಕಕ್ಕೆ ಪುರಸೊತ್ತಿಲ್ಲ.

ಕಡೆಯ ಭೋಜನದ ರಾತ್ರಿಯೂ ಇದೇ ಜಗಳ ನಡೆದಿತ್ತು ಎಂದು ಲೂಕ ಬರೆಯುತ್ತಾನೆ. ರೊಟ್ಟಿ ಮುರಿದು ಕೊಟ್ಟ ಬೆನ್ನಲ್ಲೇ ಶಿಷ್ಯರಲ್ಲಿ ಯಾರು ದೊಡ್ಡವರು ಎಂಬ ವಾದ ಎದ್ದಿತು. ಊಟಕ್ಕೆ ಕೂತವನು ದೊಡ್ಡವನೋ, ಬಡಿಸುವವನೋ ಎಂದು ಕೇಳಿ, ನಾನಂತೂ ನಿಮ್ಮ ನಡುವೆ ಬಡಿಸುವವನಾಗಿದ್ದೇನೆ ಅನ್ನುತ್ತಾರೆ ಯೇಸು. ಅದೇ ಲೂಕನ 12ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮದುವೆ ಊಟ ಮುಗಿಸಿ ಅಪರಾತ್ರಿ ಮನೆಗೆ ಬಂದ ಯಜಮಾನ, ನಿದ್ದೆಗೆಟ್ಟು ಕಾದ ಆಳುಗಳನ್ನು ನೋಡಿ, ತಾನೇ ನಡುಕಟ್ಟಿ, ಅವರನ್ನು ಊಟಕ್ಕೆ ಕೂರಿಸಿ ಬಡಿಸುತ್ತಾನಂತೆ. 17ನೇ ಅಧ್ಯಾಯದಲ್ಲಿ ಲೋಕದ ಯಜಮಾನರ ರೀತಿಯನ್ನೂ ಹೇಳಿದೆ. ಹೊಲದಿಂದ ಸುಸ್ತಾಗಿ ಬಂದ ಆಳಿಗೆ ಯಾರಾದರೂ 'ಬಾ, ಕೂತು ಊಟ ಮಾಡು' ಅನ್ನುತ್ತಾರಾ? 'ಮೊದಲು ನನಗೆ ಅಡುಗೆ ಮಾಡು' ಅನ್ನುತ್ತಾರೆ. ಎರಡೂ ಓದಿದ ಮೇಲೆ ನನಗೆ ನಮ್ಮ ಕೊನೆಯ ಪಂಕ್ತಿ ಬೇರೆ ಥರ ಕಾಣಿಸಿತು. ಬಡಿಸಿದವರಿಗೆ ಬಡಿಸಲು ಸ್ವತಃ ಯಜಮಾನನೇ ಸೌಟು ಹಿಡಿದು ಬರುವ ಪಂಕ್ತಿ ಅದು.

ಈಗ ಹಬ್ಬದ ಊಟ ಕೇಟರಿಂಗಿಗೆ ಕೊಡೋಣ ಎಂಬ ಮಾತು ಪ್ರತಿ ವರ್ಷ ಬರುತ್ತದೆ. ಕೆಲವು ಕಡೆ ಬಫೆಯೂ ಬಂದಾಗಿದೆ. ಎಲ್ಲರಿಗೂ ಅನುಕೂಲ, ಯಾರಿಗೂ ಭುಜ ನೋವಿಲ್ಲ. ನನಗೆ ಮಾತ್ರ ಅದರ ಮೇಲೆ ಸಿಟ್ಟು.

ಸೇವೆಯೇ ಅಹಂಕಾರಕ್ಕೆ ಏಣಿಯಾಗುವುದೂ ಉಂಟು. ಹತ್ತು ಕೆ.ಜಿ. ಅಕ್ಕಿ ಕೊಡಲು ಹನ್ನೆರಡು ಜನ ಒಂದೇ ಚೀಲ ಹಿಡಿದು ನಿಂತ ಫೋಟೋ ನಿಮ್ಮ ವಾಟ್ಸಾಪ್‌ನಲ್ಲೂ ಬಂದಿರುತ್ತದೆ. ತೆಗೆದುಕೊಳ್ಳುವ ಅಜ್ಜಿ ಫೋಟೋದ ಮೂಲೆಯಲ್ಲಿ ಎತ್ತ ನೋಡಬೇಕೆಂದು ತಿಳಿಯದೆ ನಿಂತಿರುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಮತ್ತಾಯ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಎಡಗೈಯಲ್ಲೇ ಮೊಬೈಲು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರನ್ನು ಇಲ್ಲಿ ನೆನೆಯಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜಾನಾಂ ಎಂಬ ಕಾಲೇಜು ಹುಡುಗ ಗೆಳೆಯರ ಜೊತೆ ಕಟ್ಟಿದ್ದು. ಬಡವರನ್ನು ಕಚೇರಿಗೆ ಕರೆಸದೆ ಅವರ ಮನೆಗೇ ಹೋಗಿ ಕೂತು ಮಾತಾಡುವುದು ಅವರ ಕ್ರಮ. ಕೊಡುವವನೇ ಹೊಸಲು ದಾಟಿ, ಬಗ್ಗಿ, ಚಾಪೆ ಮೇಲೆ ಕೂರಬೇಕು. ಅಲ್ಲಿ ಫೋಟೋ ತೆಗೆಯಲು ಬೆಳಕೂ ಸಾಲದು.

ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಯಲ್ಲೂ ಒಂದು ತಮಾಷೆ ಇದೆ. ಯೊವಾನ್ನನ ಶುಭಸಂದೇಶದಲ್ಲಿ ಕಡೆಯ ಭೋಜನದ ರೊಟ್ಟಿ ದ್ರಾಕ್ಷಾರಸದ ಕಥೆಯೇ ಇಲ್ಲ. ಶುಭಸಂದೇಶ ಬರೆದ ಉಳಿದ ಮೂವರು ಅದನ್ನು ಹೇಳಿದ ಜಾಗದಲ್ಲಿ ಇವನು ಬೋಗುಣಿ, ನೀರು, ಟವೆಲ್ಲು ತಂದಿಡುತ್ತಾನೆ. ಯೇಸು ಶಿಷ್ಯರ ಕಾಲು ತೊಳೆಯುತ್ತಾರೆ. ಅದರ ನೆನಪಿಗೆ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗ ಹುಡುಗಿಯರ ಕಾಲು ತೊಳೆದರು. 2016ರಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಲು ನಿಯಮವೇ ಬದಲಾಯಿತು. ತಮಾಷೆ ಏನೆಂದರೆ ನಮ್ಮ ಹನ್ನೆರಡೂ ಜನ ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಹೊಸ ಸಾಕ್ಸು ಹಾಕಿಕೊಂಡು ಬಂದಿರುತ್ತಾರೆ. ತೊಳೆದ ಕಾಲನ್ನೇ ಮತ್ತೆ ತೊಳೆಯುವುದು.

ಮಲೆನಾಡಿನ ನಿಜವಾದ ಕಾಲು ನೋಡಬೇಕಿದ್ದರೆ ಆಷಾಢದಲ್ಲಿ ಬರಬೇಕು. ದಿನವಿಡೀ ತೋಟದ ಕಪ್ಪಿನಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ನಿಂತು ಬೆರಳ ಸಂದಿ ಬಿಳಿಚಿ ಕೊಳೆತಿರುತ್ತದೆ. ಇಂಬಳ ಹಿಡಿದ ಕಡೆ ರಕ್ತ ನಿಲ್ಲದೆ ಒಸರುತ್ತಿರುತ್ತದೆ. ಸಂಜೆ ಬಚ್ಚಲೊಲೆಯ ಹಂಡೆಯಿಂದ ಬಿಸಿನೀರು ತೋಡಿಕೊಂಡು ಕಾಲಿಗೆ ಸುರಿದು, ಬೆರಳ ಸಂದಿಗೆ ಮದರಂಗಿ ಅರೆದು ಹಚ್ಚಬೇಕು. ಪಾಲೆಸ್ತೀನದ ದೂಳಿನ ದಾರಿ ನಡೆದು ಬಂದ ಶಿಷ್ಯರ ಕಾಲು ಇದಕ್ಕಿಂತ ಚೆನ್ನಾಗೇನೂ ಇದ್ದಿರಲಿಕ್ಕಿಲ್ಲ.

ಸಣ್ಣ ಸೇವೆ ಅಂದರೆ ನನಗೆ ನೆನಪಾಗುವವರು ಲಿಸಿಯೂ ಎಂಬ ಫ್ರೆಂಚ್ ಊರಿನ ತೆರೇಸಮ್ಮ. 1873ರಲ್ಲಿ ಹುಟ್ಟಿ, 15ನೇ ವಯಸ್ಸಿಗೆ ಮಠ ಸೇರಿ, 24ಕ್ಕೆ ಕ್ಷಯದಿಂದ ತೀರಿಹೋದ ಹುಡುಗಿ. ಶಾಲೆ ಕಟ್ಟಲಿಲ್ಲ, ಆಸ್ಪತ್ರೆ ಕಟ್ಟಲಿಲ್ಲ. ಆ ಮಠದಲ್ಲಿ ಸಿಸ್ಟರ್ ಸೇಂಟ್ ಪಿಯೆರ್ ಎಂಬ ವಯಸ್ಸಾದ ಸಿಸ್ಟರ್ ಇದ್ದರು. ಕೈಕಾಲು ಸಂಧಿವಾತದಿಂದ ಹಿಡಿದುಹೋಗಿತ್ತು. ಬಾಯಿ ಮಾತ್ರ ಚುರುಕು. ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಅವರನ್ನು ಪ್ರಾರ್ಥನೆಯಿಂದ ಎಬ್ಬಿಸಿ ಊಟದ ಮನೆಗೆ ಕರೆದೊಯ್ಯಬೇಕು. ಬೆಂಚನ್ನು ಹೀಗೇ ಸರಿಸಬೇಕು, ಹಿಂದಿನಿಂದ ನಡುಪಟ್ಟಿ ಹೀಗೇ ಹಿಡಿಯಬೇಕು. ಬೇಗ ನಡೆದರೆ 'ಬೀಳಿಸುತ್ತೀಯಾ', ನಿಧಾನ ನಡೆದರೆ 'ಕೈ ಬಿಟ್ಟೆಯಾ'. ನೀನು ಇನ್ನೂ ಚಿಕ್ಕವಳು, ನಿನ್ನಿಂದ ಇದು ಆಗದು ಎಂಬ ಗೊಣಗು ಬೇರೆ. ಇಂಥ ಒಬ್ಬರು ನಮ್ಮ ಪ್ರತಿಯೊಬ್ಬರ ಮನೆಯಲ್ಲೂ ಇದ್ದಾರೆ, ಇಲ್ಲಾ ಮುಂದೆ ನಾವೇ ಆಗುತ್ತೇವೆ.

ಆ ಸಿಸ್ಟರ್‌ಗೆ ರೊಟ್ಟಿ ಕತ್ತರಿಸಲು ಕಷ್ಟವಾಗುತ್ತದೆ ಎಂದು ತೆರೇಸಮ್ಮನಿಗೆ ಒಂದು ದಿನ ಗೊತ್ತಾಯಿತು. ಅವತ್ತಿನಿಂದ ಅದನ್ನೂ ಕತ್ತರಿಸಿಟ್ಟೇ ಹೊರಡುತ್ತಿದ್ದರು. ಯಾರೂ ಕೇಳಿರಲಿಲ್ಲ. ಒಂದು ಚಳಿಯ ಸಂಜೆ ಹೀಗೆ ಕರೆದೊಯ್ಯುವಾಗ ದೂರದಿಂದ ಸಂಗೀತ ಕೇಳಿಸಿತಂತೆ. ದೀಪಗಳಿಂದ ಝಗಮಗಿಸುವ ಹಾಲು, ಒಳ್ಳೊಳ್ಳೆ ಉಡುಪಿನ ಹುಡುಗಿಯರು ಕಣ್ಣ ಮುಂದೆ ಬಂದರು. ಪಕ್ಕದಲ್ಲಿ ಮಂದ ಬೆಳಕಿನ ಇಟ್ಟಿಗೆ ಗೋಡೆ, ಆಗಾಗ ಒಂದು ನರಳಾಟ. ಆ ಹತ್ತು ನಿಮಿಷವನ್ನು ಸಾವಿರ ವರ್ಷದ ಆ ಹಬ್ಬಗಳಿಗೂ ಬದಲಾಯಿಸಿಕೊಳ್ಳುತ್ತಿರಲಿಲ್ಲ ಎಂದು ತೆರೇಸಮ್ಮ ಬರೆದಿಟ್ಟಿದ್ದಾರೆ. ಇಷ್ಟು ಸಣ್ಣ ದಾರಿ ತೋರಿಸಿದವರನ್ನು 1997ರಲ್ಲಿ ಧರ್ಮಸಭೆ ತನ್ನ ಪಂಡಿತರ ಸಾಲಿಗೆ ಸೇರಿಸಿತು. ಹೆಚ್ಚು ಓದದ ಹುಡುಗಿ ಅಗಸ್ಟೀನ್, ಅಕ್ವಿನಾಸ್‌ರಂಥ ಮಹಾ ವಿದ್ವಾಂಸರ ಪಕ್ಕದಲ್ಲಿ.

ಇನ್ನೊಂದು ಮುಖ ಉಳಿಯಿತು. ಸೇವೆ ಮಾಡುವುದರ ಬಗ್ಗೆ ಎಷ್ಟು ಪ್ರಸಂಗ ಬೇಕಾದರೂ ಸಿಗುತ್ತದೆ. ಮಾಡಿಸಿಕೊಳ್ಳುವುದರ ಬಗ್ಗೆ ಹೇಳುವವರು ಕಡಿಮೆ. ನನಗೆ ಇದು ಗೊತ್ತಾಗಿದ್ದು ಅಮ್ಮನಿಂದ.

ನಮ್ಮಮ್ಮ ಊರಿನ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದವರು. ಬಾಣಂತಿ ಇರುವ ಮನೆಯಿಂದ ಕರೆ ಬಂದರೆ ಕೆಲಸ ಬಿಟ್ಟು ಹೊರಡುತ್ತಿದ್ದರು. ಯಾರಾದರೂ ತೀರಿಕೊಂಡರೂ ಅಷ್ಟೇ. ಮೈ ತೊಳೆಸಿ, ಬಟ್ಟೆ ಉಡಿಸಿ, ಮನೆಯವರಿಗೆ ಗಂಜಿ ಕಾಯಿಸಿಟ್ಟು ಬರುತ್ತಿದ್ದರು. ಜಾತಿ ಯಾವುದು ಎಂದು ಕೇಳಿದವರಲ್ಲ. ಒಂದು ಮಳೆಗಾಲ ಅಂಗಳದ ಪಾಚಿಯಲ್ಲಿ ಜಾರಿದರು. ನಡೆಯಲೆಂದು ಹಾಸಿದ್ದ ಅಡಿಕೆ ದಬ್ಬೆಯೇ ಜಾರಿತು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಶನ್ ಆಗಿ ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ಕಷ್ಟ. ನೋವು ತಡೆದುಕೊಂಡರು. ಇನ್ನೊಬ್ಬರಿಂದ ಮೈ ತೊಳೆಸಿಕೊಳ್ಳುವುದನ್ನು ತಡೆದುಕೊಳ್ಳಲು ಆಗಲಿಲ್ಲ. ನಾನು ಬಿಸಿನೀರು ತಂದರೆ ಮುಖ ಗೋಡೆಗೆ ತಿರುಗಿಸುವರು. 'ನಾನೇ ಒರೆಸ್ಕೊಳ್ತೀನಿ, ನೀನು ಹೋಗು.' ಊಟ ಕಡಿಮೆ ಮಾಡಿದರು. ಎದ್ದು ಹೋಗುವ ಕೆಲಸ ಕಡಿಮೆಯಾಗಲಿ ಅಂತ.

ಪಕ್ಕದ ಮನೆಯ ಗೌಡತಿ ಒಂದು ದಿನ ಹೇಳದೆ ಕೇಳದೆ ಬಂದವರು ಸೆರಗು ಸಿಕ್ಕಿಸಿ ನೇರ ಹಂಡೆಯ ಹತ್ತಿರ ಹೋದರು. ಅಮ್ಮ ಬೇಡ ಬೇಡ ಅಂದರೂ ಕೇಳಲಿಲ್ಲ. 'ನನ್ನ ಎರಡು ಬಾಣಂತನದಲ್ಲಿ ನೀರು ಹಾಕಿದ್ದು ಯಾರು? ಸುಮ್ನೆ ಕೂತ್ಕಳಿ.'

ಅಮ್ಮ ಬಿಡುವವರಲ್ಲ. 'ಸಾಲ ತೀರಿಸೋಕೆ ಬಂದೆಯಾ?'

'ಸಾಲ ಅಂತಾಗಿದ್ರೆ ನೀವು ಇಷ್ಟೊತ್ತಿಗೆ ಬಡ್ಡಿ ಕೇಳ್ತಿರಲಿಲ್ವಾ?' ಅಂದ ಗೌಡತಿ ಚೊಂಬು ಎತ್ತಿದರು.

ಅಮ್ಮ ನಕ್ಕುಬಿಟ್ಟರು. ನಗುವಾಗಲೂ ಸೊಂಟ ನೋಯುತ್ತದೆ ಎಂದು ಬೈದರು. ಆಮೇಲೆ ಬೆನ್ನು ಕೊಟ್ಟು ಕೂತರು.

ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರ ಇದನ್ನೇ ಮಾಡಿದ್ದು ಅಲ್ವಾ? ನೀವು ನನ್ನ ಕಾಲು ತೊಳೆಯುವುದೇ, ಎಂದಿಗೂ ಕೂಡದು ಅಂದ. ಕೇಳಲು ವಿನಯದ ಮಾತು. ತೊಳೆಸಿಕೊಳ್ಳದಿದ್ದರೆ ನಿನಗೂ ನನಗೂ ಸಂಬಂಧವೇ ಇಲ್ಲ ಎಂದು ಯೇಸು ಅಷ್ಟು ಗಡುಸಾಗಿ ಉತ್ತರಿಸಿದ್ದು ಯಾಕೆ ಎಂದು ನನಗೆ ಎಷ್ಟೋ ವರ್ಷ ಅರ್ಥವಾಗಿರಲಿಲ್ಲ. ಕೊಡುತ್ತಲೇ ಇರುವವರು ಮೇಲೆಯೇ ನಿಂತಿರುತ್ತಾರೆ. ಕೈ ಚಾಚುವ ಹೊತ್ತು ಬಂದಾಗ ಮೊಣಕಾಲು ಮಡಚುವುದಿಲ್ಲ. ಅಮ್ಮನಿಗೆ ಪಾಯಸ ಕೆರೆದು ಹಂಚುವುದು ಗೊತ್ತಿತ್ತು. ತನ್ನ ತಟ್ಟೆಗೆ ಇನ್ನೊಬ್ಬರು ಬಡಿಸುವಾಗ ಕೈ ಅಡ್ಡ ಹಿಡಿಯದೆ ಇರುವುದನ್ನು ಎಪ್ಪತ್ತು ದಾಟಿದ ಮೇಲೆ ಕಲಿತರು.

ಆ ದಿನಗಳಲ್ಲಿ ಸಂಜೆ ಜಪಸರ ಆದ ಮೇಲೆ ನಾನು ಬೈಬಲ್ ಓದಿ ಹೇಳುತ್ತಿದ್ದೆ. ಫಿಲಿಪ್ಪಿಯರ ಪತ್ರ ಪೂರ್ತಿ ಓದಿದ್ದು ಆಗಲೇ. ಪೂಜೆಯಲ್ಲಿ ತುಂಡು ತುಂಡಾಗಿ ಕೇಳುವುದರಿಂದ ಅದು ಎಂಥ ಪತ್ರ ಎಂದೇ ಗೊತ್ತಾಗುವುದಿಲ್ಲ. ಪೌಲ ಸೆರೆಯಲ್ಲಿದ್ದಾನೆ. ಫಿಲಿಪ್ಪಿ ಊರಿನ ಸಭೆಯವರು ಅವನಿಗೆ ಏನೋ ನೆರವು ಕಳಿಸಿದ್ದಾರೆ. ಅದನ್ನು ಹೊತ್ತು ತಂದವನು ಎಪಫ್ರೊದೀತ. ಅದಕ್ಕೆ ಉತ್ತರವಾಗಿ ಬರೆದ ಪತ್ರ ಇದು. 'ಇದ್ದ ಸ್ಥಿತಿಯಲ್ಲೇ ತೃಪ್ತನಾಗಿರಲು ಕಲಿತಿದ್ದೇನೆ, ಕೊರತೆಯೂ ಗೊತ್ತು, ಸಮೃದ್ಧಿಯೂ ಗೊತ್ತು' ಎಂಬ ನಾವೆಲ್ಲ ಗೋಡೆಗೆ ತೂಗುಹಾಕುವ ಸಾಲು ಬರುವುದು ಆ ಕೃತಜ್ಞತೆಯ ನಡುವೆ. ಹಾಗೆ ಹೇಳಿದವನು ಕಳಿಸಿದ್ದನ್ನು ವಾಪಸ್ ಮಾಡುವುದಿಲ್ಲ. ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಹಿಂದೆ ಥೆಸಲೋನಿಕದಲ್ಲಿದ್ದಾಗಲೂ ಕಳಿಸಿದ್ದನ್ನು ನೆನೆಯುತ್ತಾನೆ. ಯಾರ ಹಂಗೂ ಬೇಡ ಎಂದು ಬೀಗುವವನ ಮಾತು ಇದಲ್ಲ. ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನೀವು ಕೊಟ್ಟರೆ ಸಂತೋಷದಿಂದ ತಗೊಳ್ತೀನಿ.

ಅಮ್ಮನಿಗೆ ಪೌಲನ ತತ್ವಕ್ಕಿಂತ ಎಪಫ್ರೊದೀತನ ಮೇಲೆ ಕಣ್ಣು. ನೆರವು ತಂದವನು ಕಾಯಿಲೆ ಬಿದ್ದು ಸಾಯುವ ಹಾಗಾದ ಎಂದು ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಆ ಸುದ್ದಿ ಊರಿಗೆ ಮುಟ್ಟಿತಲ್ಲ ಎಂದು ಅವನಿಗೆ ಇನ್ನಷ್ಟು ಸಂಕಟ. ಸೇವೆ ಮಾಡಲು ಬಂದವನೇ ಸೇವೆ ಮಾಡಿಸಿಕೊಳ್ಳುವಂತಾಯಿತು. 'ಮತ್ತೆ ಅವನನ್ನು ನೋಡಿಕೊಂಡವರು ಯಾರು?' ಎಂದು ಅಮ್ಮ ಕೇಳಿದರು. ಮತ್ತೊಮ್ಮೆ ಓದಿದೆ. ದೇವರು ಅವನ ಮೇಲೆ ಕರುಣೆ ತೋರಿದರು ಎಂದಿದೆ, ಅಷ್ಟೇ. ಗಂಜಿ ಕಾಯಿಸಿದ್ದು ಯಾರು, ಮೈ ಒರೆಸಿದ್ದು ಯಾರು ಎಂದು ಪೌಲ ಬರೆದಿಲ್ಲ.

'ಅವನೇ ಮಾಡಿರ್ತಾನೆ' ಅಂದರು ಅಮ್ಮ. 'ಅದಕ್ಕೇ ಬರೆದಿಲ್ಲ.'